ನೋಡಿಕೊಂಡರೋ, ಆಳಿದರೋ?

ಕಳೆದ ಬೇಸಗೆಯಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಪೈಕಿ ಒಂದೂರಿನ ಸಾಹಿತ್ಯಸಭೆಗೆ ನಾನು ಹೋಗಿದ್ದೆನು. ವಿದ್ವಾಂಸರೊಬ್ಬರು ಪ್ರಾಚೀನ ಈಜಿಪ್ಟಿನ ರಾಣಿ ಹ್ಯಾಟ್ಷೆಪ್ಸುಟಳನ್ನು ಕುರಿತು ಒಂದು ಗಂಟೆಯ ಕಾಲ ಉಪನ್ಯಾಸಮಾಡಿದರು. ಉಪನ್ಯಾಸವು ಸೊಗಸಾಗಿತ್ತು. ಕ್ರಿ. ಪೂ. 15ನೆಯ ಶತಮಾನದಲ್ಲಿ ಎರಡನೆಯ ಥುಟ್ಮೋಸನು ತೀರಿಕೊಂಡಮೇಲೆ ಅವನ ಪತ್ನಿಯಾದ ಈಕೆ ಎಳೆಯನಾದ ಮಲಮಗನ ಪರವಾಗಿ ರಾಜ್ಯಭಾರವನ್ನು ವಹಿಸಿಕೊಂಡದ್ದು, ಕೆಲವು ವರ್ಷಗಳಲ್ಲಿಯೇ ತಾನೇ ದೊರೆಯೆಂದು ಕಿರೀಟ ಧರಿಸಿದ್ದು, ಒಟ್ಟು ಸುಮಾರು 20 ವರ್ಷ ನಾಡನ್ನಾಳಿದ್ದು, ಪುಂಟ್ ಎಂಬ ದೂರದ ಸೀಮೆಗೆ ಹಡಗುಗಳನ್ನು ಕಳುಹಿಸಿ ಸುಗಂಧದ ಗಿಡಗಳನ್ನು ಬೇರುಸಹಿತ ತರಿಸಿದ್ದು, ದೇರ್ ಎಲ್ ಬಹ್ರಿಯ ಬಂಡೆಯ ಬುಡದಲ್ಲಿ ಮಹಾದೇಗುಲವನ್ನೆಬ್ಬಿಸಿದ್ದು, ಕೊನೆಗೆ ಆಕೆಯ ಹೆಸರನ್ನೂ ರೂಪವನ್ನೂ ಉಳಿಯಿಂದ ಕೆತ್ತಿ ತೆಗೆದದ್ದು, ಮುಂದಿನ ಅರಸರ ಪಟ್ಟಿಗಳಲ್ಲಿ ಆಕೆಗೆ ಸ್ಥಳವೇ ಇಲ್ಲದೆ ಹೋದದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಅಯ್ಯೋ, ಎಂಥ ಅನ್ಯಾಯವೆಂದು ಸಭೆಯು ನಿಟ್ಟುಸಿರುಬಿಟ್ಟಿತು. ನಾನೂ ಬಿಟ್ಟೆನು.

ಆಗ ಹಿಂದಿನ ಸಾಲಿನಿಂದ ಹೈಸ್ಕೂಲು ಓದುವ ಹುಡುಗಿಯೊಬ್ಬಳು ಎದ್ದು, “ಸಾರ್, ನಮ್ಮ ಮೈಸೂರನ್ನು ಹೆಂಗಸರು ಯಾರಾದರೂ ಆಳಿದ್ದಾರೆಯೇ?” ಎಂದು ಕೇಳಿದಳು. ವಿದ್ವಾಂಸರು ನಸುನಕ್ಕು, “ಆಳಿದರು ಎಂದು ಹೇಳುವುದಕ್ಕಾಗುವುದಿಲ್ಲಮ್ಮ. ವಾಣೀವಿಲಾಸ ಸನ್ನಿಧಾನದವರಿದ್ದರಲ್ಲ, ಮಗ ದೊಡ್ಡವನಾಗುವ ತನಕ ರಾಜ್ಯ ನೋಡಿಕೊಂಡರು” ಎಂದರು. ಹುಡುಗಿ ಕುಳಿತಳು. ಸಭೆಯು ಚಪ್ಪಾಳೆ ತಟ್ಟಿತು. ಮೂರುವರೆ ಸಾವಿರ ವರ್ಷಗಳ ಹಿಂದೆ ಪರದೇಶದ ಕಲ್ಲಿನ ಮೇಲೆ ಉಳಿ ಮಾಡಿದ ಕೆಲಸಕ್ಕೆ ಮರುಗಿದ ಜನವೇ, ಅದೇ ಕೆಲಸವನ್ನು ಕಣ್ಣೆದುರಿಗೆ ನಾಲಗೆ ಮಾಡಿದಾಗ ಸಂತೋಷಪಟ್ಟಿತು. ಈ ಲೇಖನವು ಆ ಚಪ್ಪಾಳೆಗೆ ನನ್ನ ಉತ್ತರ. ಆ ವಿದ್ವಾಂಸರ ಮೇಲೆ ನನಗೆ ಕೋಪವಿಲ್ಲ. ಅವರು ಹೇಳಿದ್ದು ಅವರೊಬ್ಬರ ಮಾತಲ್ಲ, ನಮ್ಮೆಲ್ಲರ ಮನೆಗಳಲ್ಲಿ ನಡೆದುಬಂದಿರುವ ಮಾತು. ಆದುದರಿಂದಲೇ ಅದನ್ನು ಖಂಡಿಸಬೇಕಾಗಿದೆ.

‘ನೋಡಿಕೊಳ್ಳುವುದು’ ಎಂದರೇನು? ಮಗುವನ್ನು ನೋಡಿಕೊಳ್ಳುತ್ತೇವೆ, ಒಲೆಯ ಮೇಲಿನ ಹಾಲನ್ನು ನೋಡಿಕೊಳ್ಳುತ್ತೇವೆ, ನೆರೆಯವರು ಊರಿಗೆ ಹೋದರೆ ಅವರ ಮನೆಯನ್ನು ನೋಡಿಕೊಳ್ಳುತ್ತೇವೆ. ವಸ್ತು ಇನ್ನೊಬ್ಬರದು, ಕಾವಲು ಮಾತ್ರ ನಮ್ಮದು. ‘ಆಳುವುದು’ ಹಾಗಲ್ಲ. ಆಳುವವರು ತೀರ್ಮಾನಿಸುತ್ತಾರೆ, ಆಜ್ಞೆಮಾಡುತ್ತಾರೆ, ತಪ್ಪುತ್ತಾರೆ, ತಪ್ಪಿಗೆ ಹೊಣೆಯಾಗುತ್ತಾರೆ. ಒಂದು ಕ್ರಿಯಾಪದವನ್ನು ತೆಗೆದು ಇನ್ನೊಂದನ್ನಿಟ್ಟರೆ ಒಬ್ಬ ರಾಜ್ಯಕರ್ತೆಯು ಮನೆಯ ಕಾವಲಿನವಳಾಗಿಬಿಡುತ್ತಾಳೆ. ಉಳಿಯೂ ಬೇಡ, ಸುತ್ತಿಗೆಯೂ ಬೇಡ.

ನಮ್ಮ ಭಾಷೆಯ ಮರ್ಯಾದೆಯೂ ಇಲ್ಲಿ ಒಂದು ತೊಡಕನ್ನು ಒಡ್ಡುತ್ತದೆ. 1829ರಲ್ಲಿ ಷಾಂಪೋಲಿಯನ್ ಎಂಬ ಫ್ರೆಂಚ್ ಪಂಡಿತನು ದೇರ್ ಎಲ್ ಬಹ್ರಿಯ ಗೋಡೆಗಳನ್ನು ಓದಿದಾಗ, ಗಡ್ಡವಿಟ್ಟ ಅರಸನ ಚಿತ್ರದ ಪಕ್ಕದಲ್ಲಿ ಸ್ತ್ರೀಲಿಂಗದ ಪ್ರತ್ಯಯಗಳಿರುವುದನ್ನು ಕಂಡು ಬೆರಗಾದನು. ಆ ಭಾಷೆಯ ವ್ಯಾಕರಣವೇ ಹೆಣ್ಣನ್ನು ಹಿಡಿದುಕೊಟ್ಟಿತು. ನಮ್ಮಲ್ಲಿಯೋ, ಗೌರವದ ಬಹುವಚನಕ್ಕೆ ಲಿಂಗವಿಲ್ಲ. ‘ಸನ್ನಿಧಾನದವರು ಅಪ್ಪಣೆ ಕೊಡಿಸಿದರು’ ಎಂದು ಬರೆದರೆ ಅಪ್ಪಣೆ ಕೊಡಿಸಿದವರು ಗಂಡೋ ಹೆಣ್ಣೋ ಅಕ್ಷರದಿಂದ ತಿಳಿಯುವಂತಿಲ್ಲ. ಮರ್ಯಾದೆಯ ಸೆರಗಿನ ಮರೆಯಲ್ಲಿ ಆಕೆ ಕಾಣದಾಗುತ್ತಾಳೆ, ಕಾಣದಿರುವ ಕಡೆಯಲ್ಲೆಲ್ಲ ನಾವು ಅಭ್ಯಾಸಬಲದಿಂದ ಒಬ್ಬ ಗಂಡಸನ್ನು ಕೂರಿಸುತ್ತೇವೆ.

ನಮ್ಮ ಸೀಮೆಯ ನೆನಪನ್ನೇ ಸ್ವಲ್ಪ ಶೋಧಿಸಿ ನೋಡೋಣ. ಹೆಗ್ಗಡದೇವನಕೋಟೆಯ ಬೆಳತೂರಿನಲ್ಲಿ 1057ರ ದೇಕಬ್ಬೆಯ ಶಾಸನವಿದೆ. ನುಗುನಾಡಿನ ರವಿಗನ ಮಗಳಾದ ದೇಕಬ್ಬೆಯ ಗಂಡ ಏಚನು ತಲಕಾಡಿನಲ್ಲಿ ರಾಜಾಜ್ಞೆಯಿಂದ ವಧೆಯಾದನು. ತಂದೆತಾಯಿಗಳು ತಡೆದರೂ ಕೇಳದೆ ಆಕೆ ಬೆಂಕಿಯನ್ನು ಹೊಕ್ಕಳು. ಇದನ್ನು ಆ ಕಲ್ಲು ಪದ್ಯಗಳಲ್ಲಿ ಹೇಳುತ್ತದೆ, ಆ ಪದ್ಯಗಳು ಉತ್ತಮವಾಗಿವೆಯೆಂಬುದರಲ್ಲಿ ಸಂದೇಹವಿಲ್ಲ. ಪಿರಿಯಾಪಟ್ಟಣಕ್ಕೆ ಬನ್ನಿ. 1640ರ ದಶಕದಲ್ಲಿ ಕಂಠೀರವ ನರಸರಾಜರ ಸೈನ್ಯವು ಕೋಟೆಯನ್ನು ಮುತ್ತಿದಾಗ ಚಂಗಾಳ್ವ ವೀರರಾಜನು ತನ್ನ ಹೆಂಡಿರುಮಕ್ಕಳನ್ನು ತಾನೇ ಕೊಂದು ಶತ್ರುಗಳ ನಡುವೆ ನುಗ್ಗಿ ಮಡಿದನೆಂದು ಹೇಳುತ್ತಾರೆ. ನಾವು ಹೇಳಿಕೊಳ್ಳುವ ಆ ಕಥೆಯಲ್ಲಿ ವೀರರಾಜನಿಗೆ ಹೆಸರಿದೆ, ಆ ಹೆಂಗಸರಿಗಿಲ್ಲ. ಒಬ್ಬಳು ತಾನಾಗಿ ಸತ್ತದ್ದರಿಂದ ನೆನಪಾದಳು. ಉಳಿದವರು ಕೊಲ್ಲಲ್ಪಟ್ಟದ್ದರಿಂದ ನೆನಪಾದರು. ಸಾಯುವ ಹೆಣ್ಣಿಗೆ ನಮ್ಮಲ್ಲಿ ಕಲ್ಲೂ ಉಂಟು, ಪದ್ಯವೂ ಉಂಟು. ಆಳಿದ ಹೆಣ್ಣಿಗೆ ಸರಿಯಾದ ಒಂದು ಕ್ರಿಯಾಪದವೂ ಇಲ್ಲ! ಇನ್ನು ಕೃಷ್ಣರಾಜನಗರ. ಹೊಳೆಯ ಪ್ರವಾಹಕ್ಕೆ ಸಿಕ್ಕಿದ ಹಳೆಯ ಯಡತೊರೆಯನ್ನು ಬಿಟ್ಟು ಕಟ್ಟಿದ ಆ ಹೊಸ ಊರಿಗೆ ಮಗನ ಹೆಸರಿಟ್ಟರು. ಇಟ್ಟದ್ದು ಸರಿಯೆ. ಆದರೆ ಆ ಮಗನ ಕೈಗೆ ರಾಜ್ಯವು ಬರುವುದಕ್ಕೆ ಮುಂಚೆ ಅದನ್ನು ಯಾರು ಯಾವ ಸ್ಥಿತಿಯಲ್ಲಿ ಹಿಡಿದಿದ್ದರೆಂಬುದನ್ನು ಅದೇ ಊರಿನ ಮಕ್ಕಳು ಕೇಳಿದರೆ ನಾವು ‘ನೋಡಿಕೊಂಡರು’ ಎನ್ನಬೇಕೆ?

ಹೆಣ್ಣು ಆಳುವುದೆಂಬುದು ಕನ್ನಡನಾಡಿಗೆ ಹೊಸ ಸಂಗತಿಯೆಂದು ಯಾರೂ ಭ್ರಮಿಸಬಾರದು. 10ನೆಯ ಶತಮಾನದ ಮೊದಲ ಭಾಗದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ 70ರ ನಾಳ್ಗಾವುಂಡನು ಸತ್ತಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಅಧಿಕಾರವು ಬಂದಿತು. ಆಕೆ ದಕ್ಷತೆಯಿಂದ ನಾಡನ್ನಾಳಿದುದನ್ನೂ, ಕೊನೆಯಲ್ಲಿ ರೋಗವು ಮೈಗೆ ಹತ್ತಲು ಮಗಳನ್ನು ಕರೆಸಿ ತನ್ನದನ್ನೊಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ವ್ರತದಿಂದ ದೇಹವನ್ನು ಬಿಟ್ಟುದನ್ನೂ ಶಾಸನವು ಹೇಳುತ್ತದೆ. ಹೆಂಗಸಾದರೂ ಆಳಬಲ್ಲವಳೆಂಬ ಧ್ವನಿ ಅದರಲ್ಲಿ ಇಲ್ಲದಿಲ್ಲ. ಆದರೂ ಆಳಿದಳೆಂಬುದನ್ನು ಆ ಕಾಲದ ಕವಿ ಮುಚ್ಚಿಡಲಿಲ್ಲ. ಸಾವಿರ ವರ್ಷಗಳ ಹಿಂದಿನ ಕಲ್ಲುಕುಟಿಗನಿಗಿಂತ ಇಂದಿನ ಉಪನ್ಯಾಸಕಾರರು ಹಿಂದುಳಿಯಬೇಕೆ? ಕೆಳದಿಯ ಚೆನ್ನಮ್ಮಾಜಿಯವರು 1672ರಿಂದ 1697ರ ವರೆಗೆ, 25 ವರ್ಷ, ರಾಜ್ಯವನ್ನಾಳಿದರು. ನಮ್ಮ ಮಕ್ಕಳಿಗೆ ಗೊತ್ತಿರುವುದು ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತರೆಂಬುದೊಂದೇ. 25 ವರ್ಷಗಳ ಕಂದಾಯ, ಕಾಳಗ, ವ್ಯಾಪಾರಗಳೆಲ್ಲ ಒಂದು ಆತಿಥ್ಯದಲ್ಲಿ ಅಡಗಿಹೋದುವು.

ಈಗ ನಮ್ಮ ವಿಷಯಕ್ಕೆ ಬರುವೆನು. ಚಾಮರಾಜ ಒಡೆಯರು 1894ನೆಯ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗನಿಗೆ ಆಗ 10 ವರ್ಷ. 1866ರಲ್ಲಿ ಹುಟ್ಟಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ 28. 1895ರಲ್ಲಿ ಅವರು ರಾಜಪ್ರತಿನಿಧಿಗಳಾದರು. 1902ನೆಯ ಆಗಸ್ಟ್ 8ರಂದು, ವೈಸರಾಯ್ ಕರ್ಜನ್ ಅವರ ಸಮಕ್ಷಮದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರವನ್ನು ಸ್ವೀಕರಿಸಿದರು. ನಡುವಣ ಏಳು ವರ್ಷಗಳು ಸುಖದ ವರ್ಷಗಳಲ್ಲ. 1881ರಲ್ಲಿ ರಾಜ್ಯವನ್ನು ಹಿಂದಕ್ಕೆ ಕೊಟ್ಟಾಗ ಇಂಗ್ಲಿಷರು ಏರಿಸಿದ್ದ ಪೊಗದಿಯ ಹೆಚ್ಚಳ, ವರ್ಷಕ್ಕೆ ಹತ್ತೂವರೆ ಲಕ್ಷ ರೂಪಾಯಿ, ಎರಡು ಸಲ ಮುಂದಕ್ಕೆ ಹಾಕಲ್ಪಟ್ಟು 1896ರಿಂದ ತಲೆಯ ಮೇಲೆ ಬಂದಿತು. ಒಟ್ಟು ಪೊಗದಿ 35 ಲಕ್ಷವಾಯಿತು. 1897ರಲ್ಲಿ ಅರಮನೆಗೆ ಬೆಂಕಿ ಬಿದ್ದಿತು. ಅದೇ ವರ್ಷ ಹೊಸ ಅರಮನೆಯ ಕೆಲಸವು ಆರಂಭವಾಯಿತು. 1898ರಲ್ಲಿ ಪ್ಲೇಗುಮಾರಿ ಬೆಂಗಳೂರನ್ನು ಹೊಕ್ಕು ಮೈಸೂರಿಗೂ ಹಬ್ಬಿತು. ಅದೇ 1898ರಲ್ಲಿ ಹಿರಿಯೂರಿನ ಬಳಿ ವೇದಾವತಿಗೆ ಮಾರಿಕಣಿವೆಯ ಅಣೆಕಟ್ಟಿನ ಕೆಲಸವನ್ನು ಹೂಡಿದರು. ಅದು 1907ರಲ್ಲಿ ಮುಗಿದು ವಾಣೀವಿಲಾಸಸಾಗರವಾಯಿತು. 1902ನೆಯ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಧಿಕಾರವನ್ನು ಮಗನಿಗೊಪ್ಪಿಸುವುದಕ್ಕೆ ಆಗ ಆರು ವಾರಗಳೂ ಉಳಿದಿರಲಿಲ್ಲ. ಸಾಲ, ಬೆಂಕಿ, ಮಾರಿ, ಅಣೆಕಟ್ಟು, ವಿದ್ಯುತ್ತು, ಇಷ್ಟೂ ಏಳು ವರ್ಷಗಳಲ್ಲಿ! ಇದು ‘ನೋಡಿಕೊಂಡ’ ಕಾಲವಾದರೆ, ಆಳಿದ ಕಾಲವೆಂದು ಕರೆಯಿಸಿಕೊಳ್ಳಲು ಇನ್ನೇನಾಗಬೇಕಾಗಿತ್ತು?

“ಅದೆಲ್ಲವನ್ನೂ ಮಾಡಿದವರು ದಿವಾನ್ ಶೇಷಾದ್ರಿ ಅಯ್ಯರವರು” ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಶೇಷಾದ್ರಿ ಅಯ್ಯರವರ ಮಹತ್ವವನ್ನು ಅಲ್ಲಗಳೆಯುವವನು ಮೂಢನು. 1883ರಿಂದ 1901ರ ವರೆಗೆ ಅವರು ದಿವಾನರಾಗಿದ್ದರು. ಸನ್ನಿಧಾನದವರಿಗೆ ನೆರವಾಗಲು ನೇಮಿಸಿದ ಆಡಳಿತಸಭೆಗೂ ಅವರೇ ಅಧ್ಯಕ್ಷರು. ಶಿವನಸಮುದ್ರದ ಯೋಜನೆಯನ್ನು ಕಲ್ಪಿಸಿದವರಾದರೋ ಜೋಲಿ ಡಿ ಲಾಟ್ಬಿನಿಯೇರ್ ಎಂಬ ಎಂಜಿನಿಯರು. ಒಪ್ಪಿದೆನು. ಆದರೆ ಕನ್ನಂಬಾಡಿಯ ಕಟ್ಟೆಯ ಮಾತು ಬಂದಾಗ ನಾವು ಹೇಗೆ ಹೇಳುತ್ತೇವೆ? ವಿಶ್ವೇಶ್ವರಯ್ಯನವರ ಬುದ್ಧಿ, ನಾಲ್ವಡಿಯವರ ಆಳ್ವಿಕೆ ಎಂದು ಇಬ್ಬರಿಗೂ ಹಂಚಿ ಹೇಳುತ್ತೇವೆ. ಮಂತ್ರಿ ಸಮರ್ಥನಾದರೆ ಅರಸನ ಕೀರ್ತಿ ಹೆಚ್ಚುತ್ತದೆ, ಸಮರ್ಥನನ್ನು ಆರಿಸಿ ಇಟ್ಟುಕೊಂಡನಲ್ಲಾ ಎಂದು. ರಾಣಿಯ ವಿಷಯದಲ್ಲಿ ಮಾತ್ರ ಮಂತ್ರಿ ಸಮರ್ಥನಾದರೆ ಆಕೆಯ ಕೀರ್ತಿ ಕರಗುತ್ತದೆ! ಒಂದೇ ತಕ್ಕಡಿಯಲ್ಲಿ ಎರಡು ಕಲ್ಲುಗಳನ್ನಿಟ್ಟು ತೂಗುವ ವರ್ತಕನನ್ನು ನಾವು ಸಂತೆಯಿಂದ ಓಡಿಸುತ್ತೇವೆ. ಚರಿತ್ರೆಯ ಸಂತೆಯಲ್ಲಿ ಅವನಿಗೆ ಹಾರ ಹಾಕುತ್ತೇವೆ.

“ರಾಜಪ್ರತಿನಿಧಿಗೆ ಸ್ವತಂತ್ರಾಧಿಕಾರವೆಲ್ಲಿ? ರೆಸಿಡೆಂಟರ ಕಣ್ಗಾವಲಿತ್ತಲ್ಲ” ಎಂಬುದು ಎರಡನೆಯ ಆಕ್ಷೇಪಣೆ. ಆ ಕಣ್ಗಾವಲು ಹಿಂದೆ ಚಾಮರಾಜ ಒಡೆಯರ ಮೇಲೂ ಇತ್ತು, ಮುಂದೆ ಕೃಷ್ಣರಾಜ ಒಡೆಯರ ಮೇಲೂ ಇತ್ತು. ಅವರಿಬ್ಬರೂ ಆಳಿದರು, ನಡುವಿನವರು ನೋಡಿಕೊಂಡರು, ಇದು ಯಾವ ನ್ಯಾಯ? ನಮ್ಮ ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಅವರ ಮೇಲೂ ದೆಹಲಿಯ ಕಣ್ಣಿತ್ತು. ಆದರೂ 1974ರ ಭೂಸುಧಾರಣೆಯ ತಿದ್ದುಪಡಿಯನ್ನು ಮುಂದಿಟ್ಟುಕೊಂಡು, ಯಾರಿಗೆ ಭೂಮಿ ಬಂದಿತು, ಯಾರಿಗೆ ಬರಲಿಲ್ಲವೆಂದು ಇಂದಿಗೂ ಹುಣಸೂರಿನ ಜಗಲಿಗಳ ಮೇಲೆ ವಾದಿಸುತ್ತೇವೆ. ಹಾಗೆ ವಾದಿಸುವುದೇ ಅವರನ್ನು ಆಳಿದವರೆಂದು ಒಪ್ಪಿಕೊಳ್ಳುವ ರೀತಿ.

ಮೂರನೆಯ ಪಕ್ಷದವರು ಆಕ್ಷೇಪಣೆಯನ್ನೇ ಎತ್ತುವುದಿಲ್ಲ. ಅವರು ಸ್ತೋತ್ರಮಾಡುತ್ತಾರೆ. ತ್ಯಾಗಮಯಿ, ರಾಜಮಾತೆ, ಸಾಧ್ವೀಮಣಿ ಎಂಬ ಬಿರುದುಗಳಿಗೆ ಕೊನೆಯೇ ಇಲ್ಲ. ನಿಜವಾಗಿ ಹೇಳುವುದಾದರೆ, ನನಗೆ ಹೆಚ್ಚು ಭಯವಿರುವುದು ಇವರಿಂದಲೇ. ಅಲ್ಲಗಳೆಯುವವರೊಡನೆ ವಾದಿಸಬಹುದು, ಆರತಿಯೆತ್ತುವವರೊಡನೆ ಹೇಗೆ ವಾದಿಸುವುದು? ಇವರು ರಾಣಿಯನ್ನು ನವರಾತ್ರಿಯ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಯಾಗಿ ಕೂರಿಸಿ, ಹೂವು ಮುಡಿಸಿ, ಹತ್ತನೆಯ ದಿನ ಮಲಗಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಬೆಂಗಳೂರಿನಲ್ಲಿ ವಾಣೀವಿಲಾಸ ಆಸ್ಪತ್ರೆಯಿದೆ, ವಾಣೀವಿಲಾಸ ರಸ್ತೆಯಿದೆ. ಮೈಸೂರಿನಲ್ಲಿ ವಾಣೀವಿಲಾಸ ಮೊಹಲ್ಲಾ ಇದೆ. ದಿನವೂ ಸಾವಿರಾರು ಜನರು ಆ ಹೆಸರನ್ನು ಹೇಳಿ ಬಸ್ಸು ಹತ್ತುತ್ತಾರೆ. ಈಜಿಪ್ಟಿನಲ್ಲಿ ಹೆಸರನ್ನು ಅಳಿಸಿದರು, ಕೆಲಸವು ಕಲ್ಲಾಗಿ ಉಳಿಯಿತು. ನಾವು ಹೆಸರನ್ನು ಊರೆಲ್ಲ ಬರೆದೆವು, ಕೆಲಸವನ್ನು ಮರೆತೆವು.

ಸ್ತೋತ್ರಕ್ಕೂ ಸಂಶೋಧನೆಗೂ ಇರುವ ಅಂತರಕ್ಕೆ ಒಂದು ಉದಾಹರಣೆಯನ್ನು ಕೊಡುವೆನು. ಪ್ಲೇಗಿನ ಕಾಲದಲ್ಲಿ ಸರ್ಕಾರವು ಜನರನ್ನು ಮನೆಗಳಿಂದ ಬಿಡಿಸಿ ಊರ ಹೊರಗಿನ ಗುಡಿಸಲುಗಳಿಗೆ ಕಳುಹಿಸಿತು, ರೋಗಿಗಳನ್ನು ಬೇರೆಯಿಟ್ಟಿತು, ಪ್ರಯಾಣಿಕರನ್ನು ತಡೆದು ಪರೀಕ್ಷಿಸಿತು. ಜನರು ರೋಗಕ್ಕಿಂತ ಸರ್ಕಾರಕ್ಕೆ ಹೆಚ್ಚಾಗಿ ಹೆದರಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲಿ ಆ ಕೋಪವು ಗಲಭೆಯಾಗಿ ಸಿಡಿಯಿತು. ಸ್ತೋತ್ರಕಾರರು ಈ ಅಧ್ಯಾಯವನ್ನು ಬಿಟ್ಟುಬಿಡುತ್ತಾರೆ, ಏಕೆಂದರೆ ಗೊಂಬೆಯ ಮುಖಕ್ಕೆ ಮಸಿ ಹತ್ತಬಾರದು. ನಾನು ಹೇಳುತ್ತೇನೆ: ರಾಣಿಯ ಆಳ್ವಿಕೆಯನ್ನು ಅರಿಯಬೇಕಾದರೆ ಮೊದಲು ತೆರೆಯಬೇಕಾದದ್ದು ಈ ಅಧ್ಯಾಯವನ್ನೇ. ಯಾವ ಆಜ್ಞೆ ಯಾವ ದಿನ ಹೊರಟಿತು, ಯಾವುದನ್ನು ಸಡಿಲಿಸಿದರು, ಯಾರನ್ನು ಶಿಕ್ಷಿಸಿದರು ಎಂದು ಕೇಳುವುದು ಅಗೌರವವಲ್ಲ. ತಪ್ಪುಮಾಡುವ ಅಧಿಕಾರವಿದ್ದವರನ್ನು ಮಾತ್ರ ತಪ್ಪಿಗೆ ವಿಚಾರಿಸುತ್ತೇವೆ. ಯಾವ ಪ್ರಶ್ನೆಯನ್ನೂ ಕೇಳಲ್ಪಡದ ರಾಣಿ ರಾಣಿಯಾಗಿಯೇ ಇರಲಿಲ್ಲವೆಂದು ನಾವೇ ಸಾರಿದಂತೆ.

ಹ್ಯಾಟ್ಷೆಪ್ಸುಟಳಿಗಾದರೂ ನ್ಯಾಯವು ದೊರೆತದ್ದು ಸ್ತೋತ್ರದಿಂದಲ್ಲ. 1920ರ ದಶಕದಲ್ಲಿ ವಿನ್ಲಾಕ್ ಎಂಬ ಪುರಾತತ್ತ್ವಜ್ಞರು ದೇರ್ ಎಲ್ ಬಹ್ರಿಯ ಹಳ್ಳಗಳಿಂದ ಆಕೆಯ ಒಡೆದ ವಿಗ್ರಹಗಳ ತುಂಡುಗಳನ್ನು ತೆಗೆಸಿದರು. ಆಗಿನ ಪಂಡಿತರು ಅದರಿಂದ ಒಂದು ಕಥೆಯನ್ನು ಹೆಣೆದರು: ದುಷ್ಟ ಮಲತಾಯಿ, ನೊಂದ ಮಗ, ಆಕೆ ಸತ್ತೊಡನೆಯೇ ಅವನ ಸೇಡು. ಎಲ್ಲ ದೇಶದ ಅಜ್ಜಿಕಥೆಗಳಲ್ಲಿಯೂ ಇರುವ ಮಲತಾಯಿಯೇ ಅವರಿಗೆ ಈಜಿಪ್ಟಿನಲ್ಲಿಯೂ ಕಂಡಳು. 1966ರಲ್ಲಿ ಚಾರ್ಲ್ಸ್ ನಿಮ್ಸ್ ಎಂಬವರು ಆ ಅಳಿಸುವಿಕೆಯ ಕಾಲವನ್ನು ಪರಿಶೋಧಿಸಿ, ಅದು ಮೂರನೆಯ ಥುಟ್ಮೋಸನ ಆಳ್ವಿಕೆಯ ಕೊನೆಗಾಲದ ಕೆಲಸವೆಂದೂ, ಆಕೆ ಸತ್ತು ಸುಮಾರು 20 ವರ್ಷಗಳ ಮೇಲೆ ನಡೆದದ್ದೆಂದೂ ತೋರಿಸಿದರು. ಸಿಟ್ಟಿನಿಂದ ಮಾಡುವವನು 20 ವರ್ಷ ಕಾಯುವನೆ? ಮಲತಾಯಿಯ ಕಥೆಯು ಅಲ್ಲಿಗೆ ಸಡಿಲವಾಯಿತು. ಅದನ್ನು ಸಡಿಲಿಸಿದ್ದು ಒಂದು ತೇದಿ. ನಮ್ಮ ರಾಣಿಗೂ ಬೇಕಾಗಿರುವುದು ಬಿರುದುಗಳಲ್ಲ, ತೇದಿಗಳು.

ತೇದಿಗಳು ಎಲ್ಲಿವೆ? ಅವುಗಳಿಗಾಗಿ ನಾವು ಮರಳುಗಾಡನ್ನು ಅಗೆಯಬೇಕಾಗಿಲ್ಲ. ಆ ಏಳು ವರ್ಷಗಳ ಆಡಳಿತ ವರದಿಗಳು ಅಚ್ಚಾಗಿವೆ. ಪ್ರತಿ ವರ್ಷ ದಸರೆಯಲ್ಲಿ ಮೈಸೂರಿನಲ್ಲಿ ಕೂಡುತ್ತಿದ್ದ ಪ್ರಜಾಪ್ರತಿನಿಧಿ ಸಭೆಗೆ ತಾಲ್ಲೂಕುಗಳಿಂದ ಪ್ರತಿನಿಧಿಗಳು ಹೋಗುತ್ತಿದ್ದರು. ರಾಜ್ಯವನ್ನಾಳುತ್ತಿದ್ದವರು ಹೆಂಗಸಾದರೂ ಆ ಸಭೆಯಲ್ಲಿ ಒಬ್ಬ ಹೆಂಗಸೂ ಕುಳಿತಿರಲಿಲ್ಲ. ಈ ವಿಪರ್ಯಾಸವೊಂದೇ ಒಂದು ಪ್ರಬಂಧಕ್ಕೆ ಸಾಕಾದ ವಸ್ತು. ನಮ್ಮ ಕಡೆಯ ಪ್ರತಿನಿಧಿಗಳು ಅಲ್ಲಿ ಏನು ಬೇಡಿದರು? ಲಕ್ಷ್ಮಣತೀರ್ಥದ ಹನಗೋಡಿನ ಕಟ್ಟೆಯ ಮಾತೆತ್ತಿದರೆ? ಚುಂಚನಕಟ್ಟೆಯ ನಾಲೆಯ ಹೂಳಿನ ಮಾತೆತ್ತಿದರೆ? ಕಾಕನಕೋಟೆಯ ಕಾಡಿನಂಚಿನ ರೈತನ ಬೆಳೆಯನ್ನು ಆನೆ ತುಳಿದುದರ ಮಾತೆತ್ತಿದರೆ? ಎತ್ತಿದ್ದರೆ ಏನು ಉತ್ತರ ಬಂದಿತು? ಬೆಂಗಳೂರಿನ ರಾಜ್ಯ ಪತ್ರಾಗಾರದ ಬಾಗಿಲು ಓದುವವರಿಗೆ ತೆರೆದೇ ಇದೆ. ನಮ್ಮ ಮನೆಗಳ ಅಟ್ಟಗಳೂ ಇವೆ. ಶಾನುಭೋಗರ ಮನೆಯ ಲೆಕ್ಕದ ಕಡತ, ಪಟೇಲರ ಮನೆಗೆ ಬಂದ ಹುಕುಮು, ಪ್ಲೇಗಿನ ವರ್ಷ ಊರು ಬಿಟ್ಟುದನ್ನು ಅಜ್ಜಿ ಬರೆಸಿದ ಒಂದು ಕಾಗದ, ಇವು ಗೆದ್ದಲಿಗೆ ಆಹಾರವಾಗುವುದಕ್ಕೆ ಮುಂಚೆ ನಮ್ಮ ಕಣ್ಣಿಗೆ ಬೀಳಬೇಡವೆ?

ಕೊನೆಗೆ ಒಂದು ಸಂಗತಿಯನ್ನು ವಾಚಕರ ಗಮನಕ್ಕೆ ತರುವೆನು. ಬೆಳತೂರಿನ ದೇಕಬ್ಬೆಯ ಶಾಸನವನ್ನು ನಾವು ಇಂದು ಓದಿ ಮೆಚ್ಚುವುದಕ್ಕೆ ಕಾರಣ, ಬಿ. ಎಲ್. ರೈಸ್ ಅವರು ಹೆಗ್ಗಡದೇವನಕೋಟೆ, ಹುಣಸೂರು, ಯಡತೊರೆ ಮುಂತಾದ ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 4ನೆಯ ಸಂಪುಟದಲ್ಲಿ ಅಚ್ಚುಮಾಡಿಸಿದ್ದು. ಆ ಸಂಪುಟವು ಹೊರಬಿದ್ದ ವರ್ಷ 1898. ಯಾವ ವರ್ಷ ಪ್ಲೇಗು ಬಂದಿತೋ, ಯಾವ ವರ್ಷ ಮಾರಿಕಣಿವೆಯ ಕೆಲಸವು ಆರಂಭವಾಯಿತೋ, ಅದೇ ವರ್ಷ. ಗಂಡನ ಹಿಂದೆ ಬೆಂಕಿಯನ್ನು ಹೊಕ್ಕ ಹೆಣ್ಣಿನ ಹೆಸರನ್ನು ಲೋಕಕ್ಕೆ ತಿಳಿಸಿದ್ದು, ಗಂಡನು ಹೋದಮೇಲೂ ಬದುಕಿ ರಾಜ್ಯವನ್ನಾಳಿದ ಹೆಣ್ಣಿನ ಸರ್ಕಾರ. ಸತ್ತವಳ ಕಲ್ಲನ್ನು ನಾವು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಓದುತ್ತಿದ್ದೇವೆ. ಬದುಕಿ ಆಳಿದವರ ಕಡತವನ್ನು ಓದುವ ಸರದಿ ಇನ್ನೂ ಬರಲಿಲ್ಲವೆ?

ಆ ಹುಡುಗಿ ಯಾರ ಮನೆಯವಳೋ ನಾನು ಅರಿಯೆ. ಈ ಪತ್ರಿಕೆ ಅವಳ ಮನೆಗೆ ಬರುತ್ತಿದ್ದರೆ ಹಿರಿಯರು ದಯವಿಟ್ಟು ಅವಳಿಗೆ ಇಷ್ಟನ್ನು ಓದಿ ಹೇಳಬೇಕು: ಮಗು, ನಿನ್ನ ಪ್ರಶ್ನೆಗೆ ಸಭೆಯು ತಪ್ಪು ಉತ್ತರವನ್ನು ಕೊಟ್ಟಿತು. ಆಳಿದರು. ಏಳು ವರ್ಷ ಆಳಿದರು. ಹೇಗೆ ಆಳಿದರು, ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂಬುದನ್ನು ಬರೆಯಬೇಕಾದವರು ಇನ್ನೂ ಬರೆದು ಮುಗಿಸಿಲ್ಲ. ನಿನ್ನ ಕೈಗೆ ಲೇಖನಿ ಬಂದಾಗ ಆ ಕೆಲಸವು ನಿನಗಾಗಿ ಕಾದಿರುತ್ತದೆ.